ದೀನತೆಯೂ ಧನ್ಯತೆಯೂ: ಕೊಡಗಿನ ಕ್ರೈಸ್ತ ವಾಙ್ಮಯದ ಎರಡು ಮಾತುಗಳ ವಿಚಾರ

ಕನ್ನಡದ ಕ್ರೈಸ್ತ ವಾಙ್ಮಯವನ್ನು ಕುರಿತ ವಿಮರ್ಶೆ ಬಹುಮಟ್ಟಿಗೆ ಮುದ್ರಣದ ಚರಿತ್ರೆಯಾಗಿಯೇ ನಡೆದುಬಂದಿದೆ. ಯಾವ ಗ್ರಂಥವು ಯಾವ ವರ್ಷ ಯಾವ ಅಚ್ಚುಕೂಟದಿಂದ ಹೊರಟಿತು, ಯಾವ ಪಾದ್ರಿಗಳು ಯಾವ ಕಾವ್ಯವನ್ನು ಸಂಪಾದಿಸಿದರು ಎಂಬ ಸಂಗತಿಗಳು ಸಾಹಿತ್ಯಾಭ್ಯಾಸಿಗಳೆಲ್ಲರಿಗೂ ಪರಿಚಿತವಾಗಿವೆ. ಆ ವಾಙ್ಮಯವು ಹೇಳಲು ಹೊರಟ ಮುಖ್ಯಾರ್ಥವೇನು, ಆ ಅರ್ಥಕ್ಕೆ ತಕ್ಕ ಶಬ್ದವು ಕನ್ನಡದಲ್ಲಿ ದೊರಕಿತೇ ಎಂಬ ಪ್ರಶ್ನೆ ಮಾತ್ರ ಹಿಂದೆ ಉಳಿದಿದೆ. ತನ್ನನ್ನು ಕಿರಿದುಮಾಡಿಕೊಂಡವನಿಗೇ ನಿಜವಾದ ಸುಖವುಂಟೆಂಬುದು ಕ್ರೈಸ್ತಧರ್ಮದ ನಡುಮಾತುಗಳಲ್ಲೊಂದು. ಕನ್ನಡ ಬೈಬಲ್ಲಿನ ವಾಚಕರಿಗೆ ಇದು ಮುಖ್ಯವಾಗಿ ‘ದೀನ’, ‘ಧನ್ಯ’ ಎಂಬ ಎರಡು ಸಂಸ್ಕೃತ ಶಬ್ದಗಳ ಮೂಲಕ ಬಂದಿದೆ. ಈ ಎರಡರಲ್ಲಿ ಒಂದು ಚೆನ್ನಾಗಿ ಸಂದಿತು, ಇನ್ನೊಂದು ಸಲ್ಲಲಿಲ್ಲ. ಹೇಗೆಂಬುದನ್ನು ಪರೀಕ್ಷಿಸಲು ಕೊಡಗಿಗಿಂತ ಯೋಗ್ಯವಾದ ಸ್ಥಳ ಬೇರೊಂದಿಲ್ಲ. ಏಕೆಂದರೆ ಅಲ್ಲಿ ಈ ಮಾತುಗಳು ಕೇಳುವವರ ಕಿವಿಯಲ್ಲಿ ಕೇವಲ ಮಾತುಗಳಾಗಿ ಉಳಿಯುವಂತಿರಲಿಲ್ಲ.

ಮೊದಲು ‘ದೀನ’ ಶಬ್ದ. ಕ್ಷಯಾರ್ಥಕವಾದ ‘ದೀ’ ಧಾತುವಿಗೆ ನಿಷ್ಠಾಪ್ರತ್ಯಯ ಬಂದು, ಅದರ ತಕಾರಕ್ಕೆ ನಕಾರವಾಗಿ, ಈ ರೂಪವು ಸಿದ್ಧಿಸುವುದು. ಎಂದರೆ ಸವೆದುಹೋದವನು, ಕುಗ್ಗಿದವನು. ಅಮರಸಿಂಹನು ಇದನ್ನು ನಿಃಸ್ವ, ದುರ್ವಿಧ, ದರಿದ್ರ, ದುರ್ಗತ ಶಬ್ದಗಳ ಪಂಕ್ತಿಯಲ್ಲಿ ಕೂರಿಸಿದ್ದಾನೆ. ಶುಕ್ಲಯಜುರ್ವೇದದ ಪ್ರಾರ್ಥನೆಯೊಂದು ನೂರು ವರ್ಷ ಅದೀನರಾಗಿ ಬಾಳಬೇಕೆಂದು ಬೇಡುವುದು. ಅರ್ಜುನನ ಪ್ರತಿಜ್ಞೆಗಳು ಎರಡು, ಅವುಗಳಲ್ಲೊಂದು ದೈನ್ಯವನ್ನು ತೋರೆನೆಂಬುದು. ಇಂಥ ಸಂಪ್ರದಾಯದಲ್ಲಿ ಬೆಳೆದ ಕಿವಿಗೆ ‘ದೀನನಾಗು’ ಎಂಬ ವಿಧಿಯು ‘ರೋಗಿಯಾಗು’ ಎಂದಷ್ಟೇ ವಿಚಿತ್ರವಾಗಿ ಕೇಳಿಸುವುದು. ಅಲಂಕಾರಶಾಸ್ತ್ರದ ದೃಷ್ಟಿಯಿಂದ ನೋಡಿದರೂ ತೊಡಕು ಬಿಡುವುದಿಲ್ಲ. ಭರತಮುನಿಯು ಎಣಿಸಿದ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ದೈನ್ಯವೂ ಒಂದು. ದುರ್ಗತಿಯಿಂದಲೂ ಮನಸ್ತಾಪದಿಂದಲೂ ಹುಟ್ಟಿ, ಸ್ಥಾಯಿಯನ್ನು ಪೋಷಿಸಿ, ಮಾಯವಾಗುವುದೇ ಅದರ ಧರ್ಮ. ಅದು ತಾನೇ ನೆಲೆನಿಂತು ರಸವಾಗಲಾರದು. ಸಂಚಾರಿಯನ್ನು ಸ್ಥಾಯಿಯ ಪೀಠದಲ್ಲಿ ಕೂರಿಸಿ, ಅದರಿಂದಲೇ ಆನಂದವು ಲಭಿಸುವುದೆಂದು ಹೇಳಿದರೆ ಸಹೃದಯನು ಒಪ್ಪುವುದು ಕಷ್ಟ.

ಇದಕ್ಕೆ ವೈಷ್ಣವರು ಒಂದು ಆಕ್ಷೇಪವನ್ನು ತೆಗೆಯಬಹುದು. ಶರಣಾಗತಿಯ ಆರು ಅಂಗಗಳಲ್ಲಿ ಕಾರ್ಪಣ್ಯವೂ ಒಂದಷ್ಟೆ, ಭಕ್ತನ ಬಾಯಲ್ಲಿ ದೈನ್ಯವು ಭೂಷಣವೇ ಅಲ್ಲವೇ ಎಂದು. ಆಕ್ಷೇಪವು ಸರಿಯಾದುದೇ. ಆದರೆ ಆ ದೈನ್ಯವು ಭಗವಂತನ ಎದುರಿನಲ್ಲಿ ಮಾತ್ರ ಸಲ್ಲತಕ್ಕುದು. ದೇವರ ಮುಂದೆ ದೀನನಾದ ಭಕ್ತನು ಊರಿನಲ್ಲಿ ದೊಡ್ಡವನಾಗಿಯೇ ಇರಬಹುದು, ಇದ್ದುದಕ್ಕೆ ನಿದರ್ಶನಗಳೂ ಕಡಿಮೆಯಿಲ್ಲ. ಕ್ರೈಸ್ತಗ್ರಂಥವು ಬಯಸುವ ತಗ್ಗುವಿಕೆಯು ದೇವರ ಎದುರಿಗೆ ಎಷ್ಟೋ ನೆರೆಯವನ ಎದುರಿಗೂ ಅಷ್ಟೇ. ‘ವಿನಯ’ ಶಬ್ದವನ್ನು ಏಕೆ ಬಳಸಬಾರದಾಗಿತ್ತೆಂದು ಕೇಳುವವರೂ ಉಂಟು. ಹಿತೋಪದೇಶದ ಪ್ರಸಿದ್ಧವಾದ ಶ್ಲೋಕದಲ್ಲಿ ವಿದ್ಯೆಯಿಂದ ವಿನಯ, ವಿನಯದಿಂದ ಪಾತ್ರತೆ, ಪಾತ್ರತೆಯಿಂದ ಧನ, ಧನದಿಂದ ಧರ್ಮ, ಕೊನೆಗೆ ಸುಖ ಎಂಬ ಸರಪಣಿಯನ್ನು ಕಾಣುತ್ತೇವೆ. ಅಲ್ಲಿ ವಿನಯವು ಏಣಿಯ ಎರಡನೆಯ ಮೆಟ್ಟಿಲು. ಅದರ ಮೇಲೆ ಕಾಲಿಟ್ಟು ಮುಂದೆ ಹೋಗಬೇಕೇ ಹೊರತು ಅಲ್ಲಿಯೇ ನಿಲ್ಲುವಂತಿಲ್ಲ. ಗೀತೆಯ ಹದಿಮೂರನೆಯ ಅಧ್ಯಾಯದಲ್ಲಿ ಜ್ಞಾನಲಕ್ಷಣಗಳ ಮೊದಲಿಗೆ ಬರುವ ‘ಅಮಾನಿತ್ವ’ವು ಅರ್ಥದಿಂದ ಹೆಚ್ಚು ಹತ್ತಿರದ ಮಾತು. ನಿಷೇಧರೂಪವಾದುದರಿಂದ ಜನರ ಬಾಯಿಗೆ ಅದು ಹತ್ತಲಿಲ್ಲ.

‘ಧನ್ಯ’ ಶಬ್ದದ ಕಥೆಯೇ ಬೇರೆ. ಧನವನ್ನು ಪಡೆದವನೆಂಬ ಅರ್ಥದಲ್ಲಿ ಧನ್ಯಶಬ್ದವು ಸಿದ್ಧವಾಗುವುದೆಂದು ಪಾಣಿನಿಯು ತದ್ಧಿತಪ್ರಕರಣದಲ್ಲಿ ವಿಧಿಸಿದ್ದಾನೆ. ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದ ಬೆಟ್ಟದ ಬೋಧನೆಯಲ್ಲಿ ಬಡವರನ್ನೂ ಶಾಂತರನ್ನೂ ಕುರಿತು ಗ್ರೀಕ್ ಮೂಲವು ‘ಮಕಾರಿಯೊಸ್’ ಎಂದು ಹೇಳಿದ ಕಡೆಯಲ್ಲೆಲ್ಲ ಕನ್ನಡವು ‘ಧನ್ಯರು’ ಎಂದಿತು. ಧನವಿಲ್ಲದವನನ್ನೇ ಧನ್ಯನೆಂದು ಕರೆಯುವ ಈ ವಿರೋಧಾಭಾಸವು ಗ್ರೀಕ್ ಮೂಲದ ಶಬ್ದದಲ್ಲಿಲ್ಲ. ಭಾಷಾಂತರದಲ್ಲಿ ಅರ್ಥವು ಸೋರಿಹೋಗುವುದು ಸಾಮಾನ್ಯ, ಹೆಚ್ಚುವುದು ವಿರಳ. ಇಲ್ಲಿ ಹೆಚ್ಚಿದೆ. ಭಾಷಾಂತರಕಾರರು ಪಾಣಿನಿಯನ್ನು ನೆನೆದೇ ಇದನ್ನು ಆರಿಸಿದರೋ ರೂಢಿಯಿಂದ ಆರಿಸಿದರೋ, ಫಲವಂತೂ ಸೊಗಸಾಗಿದೆ.

ಹಾಗಾದರೆ ಮೂಲಭಾಷೆಗಳಲ್ಲಿ ತಗ್ಗುವಿಕೆಯ ಹೆಸರೇನು? ಗ್ರೀಕರ ‘ತಪೆಯ್ನೊಸ್’ ಎಂಬ ಶಬ್ದವೂ ಅವರ ನೀತಿಗ್ರಂಥಗಳಲ್ಲಿ ಸಾಮಾನ್ಯವಾಗಿ ನಿಂದಾರ್ಥಕವೇ: ಕೀಳು, ಹೇಯ, ಬಾಗಿ ನಡೆಯುವವನು. ಅದನ್ನು ಎತ್ತಿ ಗುಣವಾಚಕವನ್ನಾಗಿ ಮಾಡಿದವರು ಕ್ರೈಸ್ತ ಲೇಖಕರು. ಹಿಬ್ರೂ ಭಾಷೆಯಲ್ಲಿ ಪೀಡಿತನಾದ ಬಡವನನ್ನು ಹೇಳುವ ‘ಆನೀ’ ಶಬ್ದಕ್ಕೂ, ಸೌಮ್ಯನೂ ನಮ್ರನೂ ಆದವನನ್ನು ಹೇಳುವ ‘ಆನಾವ್’ ಶಬ್ದಕ್ಕೂ ಮೂಲವು ಒಂದೇ. ತುಳಿತಕ್ಕೆ ಸಿಕ್ಕಿದ ಜನಾಂಗವು ತನ್ನ ಕಷ್ಟದ ಹೆಸರನ್ನೇ ಗುಣದ ಹೆಸರನ್ನಾಗಿ ಮಾಡಿಕೊಂಡಿತೆಂದು ಇದರಿಂದ ತಿಳಿಯುವುದು. ಈ ದೃಷ್ಟಿಯಿಂದ ‘ದೀನ’ ಎಂದು ಭಾಷಾಂತರಿಸಿದವರನ್ನು ಪೂರ್ತಿಯಾಗಿ ದೂಷಿಸುವಂತಿಲ್ಲ. ಗ್ರೀಕಿನಲ್ಲಿ ನಡೆದ ಪರಿವರ್ತನೆಯು ಕನ್ನಡದಲ್ಲಿಯೂ ನಡೆದೀತೆಂಬ ಭರವಸೆ ಅವರಿಗಿತ್ತೆಂದು ಹೇಳಬಹುದು. ಕೊಡಗಿಗೆ ಬಂದ ಜರ್ಮನರ ಮಾತೃಭಾಷೆಯಲ್ಲಿ ಈ ಗುಣಕ್ಕೆ ‘ಡೇಮೂಟ್’ ಎಂದು ಹೆಸರು. ಅದರ ಪ್ರಾಚೀನರೂಪವನ್ನು ಬಿಡಿಸಿದರೆ ‘ಆಳಿನ ಮನಸ್ಸು’ ಎಂದಾಗುವುದು. ಈ ಕೊನೆಯ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು.

ಕೊಡಗಿನಲ್ಲಿ ಕ್ರೈಸ್ತಧರ್ಮವು ಜರ್ಮನರಿಂದ ಮೊದಲಾದುದಲ್ಲ. ದೊಡ್ಡವೀರರಾಜೇಂದ್ರನ ಕಾಲದಲ್ಲಿಯೇ ವೀರರಾಜಪೇಟೆಯಲ್ಲಿ ರೋಮನ್ ಕಥೋಲಿಕರು ನೆಲೆಸಿದರು. ಅಲ್ಲಿಯ ಸಂತ ಅನ್ನಮ್ಮನ ದೇವಾಲಯದ ಆರಂಭವನ್ನು 1792ಕ್ಕೆ ಹೇಳುತ್ತಾರೆ. 1834ರಲ್ಲಿ ಹಾಲೇರಿ ಮನೆತನದ ಆಳ್ವಿಕೆ ಕೊನೆಗೊಂಡು ಕೊಡಗು ಕಂಪನಿಯ ವಶವಾಯಿತು. ಪದಚ್ಯುತನಾದ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನಿಗೆ 1852ರಲ್ಲಿ ಲಂಡನ್ನಿನ ಅರಮನೆಯಲ್ಲಿ, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು, ದೀಕ್ಷಾಸ್ನಾನವಾಯಿತು. ವಿನಯದ ಧರ್ಮಕ್ಕೆ ಪ್ರವೇಶವು ಇದಕ್ಕಿಂತ ವೈಭವದಿಂದ ನಡೆದುದು ಅಪರೂಪ. ಆ ವೈಭವದಿಂದ ಆಕೆಗೆ ಸುಖ ದೊರಕಿತೆಂದು ಆಕೆಯ ಚರಿತ್ರೆಯನ್ನು ಓದಿದವರು ಹೇಳಲಾರರು. 1864ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲಿ, ಪರದೇಶದಲ್ಲಿಯೇ ತೀರಿಕೊಂಡಳು.

ಆಕೆಯ ದೀಕ್ಷೆಯಾದ ಮರುವರ್ಷ, 1853ರಲ್ಲಿ, ಹೆರ್ಮನ್ ಮೊಗ್ಲಿಂಗ್ ಕೊಡಗಿಗೆ ಬಂದು ನೆಲೆಸಿದರು. ಮಂಗಳೂರಿನಲ್ಲಿ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದವರೂ, ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದುವನ್ನು ಅಚ್ಚುಹಾಕಿಸಿದವರೂ ಇವರೇ. ಇವರ ಶಿಷ್ಯರು ಹೆರ್ಮನ್ ಆನಂದರಾವ್ ಕೌಂಡಿನ್ಯರು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಲದಲ್ಲಿ ಹುಟ್ಟಿ, 1844ರಲ್ಲಿ ದೀಕ್ಷೆ ಪಡೆದು, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಓದಿ, 1851ರಲ್ಲಿ ಬೋಧಕರಾಗಿ ಹಿಂದಿರುಗಿದವರು. ಅಮ್ಮತ್ತಿಯ ಸಮೀಪದಲ್ಲಿ, ಅಂದಿನ ದಾಖಲೆಗಳು ಹೊಲೆಯರೆಂದು ಕರೆಯುವ ಜನರಲ್ಲಿ ಕ್ರೈಸ್ತರಾದವರಿಗಾಗಿ ಏರ್ಪಟ್ಟ ಹಳ್ಳಿಗೆ ಇವರ ಹೆಸರಿನಿಂದಲೇ ಆನಂದಪುರವೆಂಬ ಹೆಸರು ಬಂದಿತು.

ಆ ಜನರ ಸ್ಥಿತಿಯನ್ನು ಕುರಿತು ಎರಡು ಮಾತು ಅವಶ್ಯಕ. ಅವರು ಜಮ್ಮದ ಭೂಮಿಗಳಿಗೆ ಅಂಟಿದ ಆಳುಗಳಾಗಿದ್ದರು. ಭೂಮಿ ಯಾರದೋ ಆಳು ಅವರವನು. ಗುಲಾಮಗಿರಿಗೆ ನ್ಯಾಯಾಲಯಗಳ ಮನ್ನಣೆಯನ್ನು ತೆಗೆದುಹಾಕಿದ 1843ರ ಐದನೆಯ ಶಾಸನವು ಬಂದಮೇಲೂ ರೂಢಿಯು ಒಂದು ದಿನದಲ್ಲಿ ಬದಲಾಗಲಿಲ್ಲ. ಐನ್‌ಮನೆಯು ಏರಿನ ಮೇಲೆ, ಗದ್ದೆಯು ತಗ್ಗಿನಲ್ಲಿ, ಆ ತಗ್ಗಿನ ಕೆಸರಿನಲ್ಲಿ ಇವರು. ಯಾರ ಎದುರಿಗೂ ಬೆನ್ನು ನೆಟ್ಟಗೆ ಮಾಡದೆ ತಲೆಮಾರುಗಳನ್ನು ಕಳೆದವರಿಗೆ ಒಬ್ಬ ಬೋಧಕನು ಬಂದು, ದೀನರಾಗಿರಿ, ಅದರಲ್ಲಿ ನಿಮಗೆ ಸುಖವುಂಟು ಎಂದು ಹೇಳಿದರೆ ಆ ಮಾತಿನ ಅರ್ಥವೇನು? ಒಡೆಯನಿಗೆ ಅದು ಅನುಕೂಲವಾದ ಉಪದೇಶ. ಆಳಿಗೆ ಅದು ಉಪದೇಶವೇ ಅಲ್ಲ, ಇದ್ದ ಸ್ಥಿತಿಯ ವರ್ಣನೆ. ಕ್ರೈಸ್ತರ ವಿನಯವು ದಾಸ್ಯದ ಸಮರ್ಥನೆಯೆಂಬ ಆರೋಪವನ್ನು ಐರೋಪ್ಯ ತತ್ತ್ವಜ್ಞರೇ ಮಾಡಿರುವರು. ಕೊಡಗಿನಲ್ಲಿ ‘ದೀನ’ ಶಬ್ದವನ್ನು ಆಧಾರವಾಗಿ ಹಿಡಿದು ನಿಂತರೆ ಆ ಆರೋಪಕ್ಕೆ ಉತ್ತರವಿಲ್ಲ.

ಉತ್ತರವಾಗಬಹುದಾಗಿದ್ದ ಬೇರೊಂದು ಶಬ್ದವು ಕೊಡಗಿನ ಮಣ್ಣಿನಲ್ಲಿಯೇ ಇತ್ತು. ಹಾಲೇರಿಯ ಅರಸರು ವೀರಶೈವರು. ವೀರಶೈವರ ಪಂಚಾಚಾರಗಳಲ್ಲಿ ಭೃತ್ಯಾಚಾರವು ಒಂದು: ಶರಣರೆಲ್ಲರೂ ಹಿರಿಯರು, ತಾನು ಅವರ ಆಳು ಎಂಬ ನಡತೆ. ಆ ಅರಸರ ಆಳ್ವಿಕೆಯಲ್ಲಿ ಭೃತ್ಯಾಚಾರವು ಎಷ್ಟು ಕಾಣುತ್ತಿತ್ತೆಂಬುದನ್ನು ಕೊಡಗಿನ ಇತಿಹಾಸವನ್ನು ಬಲ್ಲವರು ಬಲ್ಲರು. ಅದು ಶಬ್ದದ ದೋಷವಲ್ಲ. ಭೃತ್ಯಾಚಾರಿಯು ದೇವರೊಬ್ಬನಿಗೇ ಬಾಗದೆ ಸಹಭಕ್ತರಿಗೂ ಬಾಗುವನು, ಬಾಗಿ ಕುಗ್ಗದೆ ಹಿಗ್ಗುವನು. ‘ಡೇಮೂಟ್’ ಶಬ್ದದ ಅವಯವಾರ್ಥಕ್ಕೆ ಇದಕ್ಕಿಂತ ಸಮೀಪವಾದ ಪ್ರತಿಶಬ್ದವು ಭಾರತದ ಭಾಷೆಗಳಲ್ಲಿ ಇನ್ನೊಂದಿರುವುದು ಸಂದೇಹ. ದಾಸಸಾಹಿತ್ಯದ ‘ದಾಸ’ ಶಬ್ದವೂ ಇದೇ ಜಾತಿಯದು. ಬಸವಪುರಾಣವನ್ನೂ ದಾಸರ ಪದಗಳನ್ನೂ ಸ್ವತಃ ಅಚ್ಚುಹಾಕಿಸಿದ ಮೊಗ್ಲಿಂಗರ ಕಣ್ಣಿಗೆ ಈ ಶಬ್ದಗಳು ಬೀಳದೆ ಇರಲಿಲ್ಲ. ‘ದಾಸ’ವು ಕ್ರೈಸ್ತರ ಕನ್ನಡಕ್ಕೆ ಸ್ವಲ್ಪಮಟ್ಟಿಗೆ ಸೇರಿತು. ‘ಭೃತ್ಯಾಚಾರ’ವು ಸೇರಲೇ ಇಲ್ಲ. ಅದು ಅನ್ಯಮತದ ಪಾರಿಭಾಷಿಕವಾದುದು ಒಂದು ಕಾರಣವಿರಬಹುದು. ಇನ್ನೊಂದು ಕಾರಣವು ಹೆಚ್ಚು ಬಲವಾದುದು: ನಿಜವಾಗಿ ಆಳಾಗಿರುವವನಿಗೆ ಆಳುತನದ ರೂಪಕವು ಸಿಹಿಯಾಗಲಾರದು. ಬಿಜ್ಜಳನ ಭಂಡಾರಿಯಾಗಿದ್ದವನು ತಾನು ಕಿಂಕರನೆಂದರೆ ಅದು ಕಾವ್ಯ, ಜಮ್ಮದ ಆಳು ಹಾಗೆಂದರೆ ಅದು ಸಾಕ್ಷಿ.

ಹೀಗೆ ನಾಮಪದಗಳೆಲ್ಲ ಕೈಕೊಟ್ಟಾಗ ಕ್ರಿಯಾಪದವೊಂದು ಕನ್ನಡದ ಮಾನವನ್ನು ಉಳಿಸಿತು. ಅದು ಬೈಬಲ್ ಭಾಷಾಂತರದ ‘ತಗ್ಗಿಸಿಕೊಳ್ಳು’ ಎಂಬ ಮಾತು. ತಗ್ಗು, ತಗ್ಗಿಸು, ತಗ್ಗಿಸಲ್ಪಡು, ತಗ್ಗಿಸಿಕೊಳ್ಳು ಎಂಬ ನಾಲ್ಕು ರೂಪಗಳನ್ನು ಒಟ್ಟಿಗೆ ಇಟ್ಟು ನೋಡತಕ್ಕುದು. ‘ಕೊಳ್’ ಎಂಬ ಸಹಾಯಧಾತುವು ಸಂಸ್ಕೃತದಲ್ಲಿ ಆತ್ಮನೇಪದವು ಮಾಡುವ ಕೆಲಸವನ್ನು ಕನ್ನಡದಲ್ಲಿ ಮಾಡುವುದು. ಕ್ರಿಯೆಯ ಕರ್ತೃವೂ ತಾನೇ, ಅದರ ಫಲವನ್ನು ಪಡೆಯುವವನೂ ತಾನೇ. ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಕ್ರಿಸ್ತನ ವಿಷಯವಾಗಿ ಗ್ರೀಕ್ ಮೂಲವು ‘ತನ್ನನ್ನು’ ಎಂಬ ಪದವನ್ನು ಪ್ರತ್ಯೇಕವಾಗಿ ಸೇರಿಸಿಯೇ ಈ ಕ್ರಿಯೆಯನ್ನು ಹೇಳಿದೆ. ‘ದೀನ’ ಶಬ್ದದ ನಿಷ್ಠಾಪ್ರತ್ಯಯದಲ್ಲಿ ಈ ಕರ್ತೃತ್ವಕ್ಕೆ ಎಡೆಯಿಲ್ಲ. ಅಲ್ಲಿ ಎಲ್ಲವೂ ಆಗಿಹೋಗಿದೆ. ಕೊಡಗಿನ ಆಳು ಬೇರೆಯವರಿಂದ ತಗ್ಗಿಸಲ್ಪಟ್ಟವನು. ಕೌಂಡಿನ್ಯರು ಕುಲ, ಮಾನ, ಬಂಧುವರ್ಗಗಳನ್ನು ಬಿಟ್ಟು ತಗ್ಗಿಸಿಕೊಂಡವರು. ಇಬ್ಬರನ್ನೂ ಒಂದೇ ‘ದೀನ’ ಶಬ್ದದಿಂದ ಕರೆದರೆ ಬೋಧನೆಯ ಜೀವವೇ ಹೋಗುವುದು.

ತಗ್ಗಿಸಿಕೊಳ್ಳಬೇಕಾದರೆ ಮೊದಲು ನಿಂತಿರಬೇಕು. ಆದುದರಿಂದ ಆನಂದಪುರದಲ್ಲಿ ವಿನಯದ ಉಪದೇಶಕ್ಕಿಂತ ಮುಂಚೆ ನೆಲೆಯನ್ನೂ ಅಕ್ಷರವನ್ನೂ ಕೊಡಬೇಕಾಯಿತು. ಬಾಸೆಲ್ ಮಿಶನಿನವರು ಇದನ್ನು ಶಬ್ದವಿಚಾರದಿಂದ ಕಂಡುಕೊಂಡವರಲ್ಲ, ಕೆಲಸದಿಂದ ಕಂಡುಕೊಂಡವರು. ಅವರ ಬರಹವು ಅವರ ಕೆಲಸದ ಹಿಂದೆ ಉಳಿಯಿತೆಂಬುದೇ ಇಲ್ಲಿ ಹೇಳಬೇಕಾದ ವಿಮರ್ಶೆ.

ಯೋಹಾನನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿ ಗುರುವು ಶಿಷ್ಯರ ಪಾದಗಳನ್ನು ತೊಳೆಯುವ ಪ್ರಸಂಗವಿದೆ. ಪಂಡಿತರು ಇದನ್ನು ಕೇಳಿ ಹೊಸತೇನೆನ್ನಬಹುದು. ಭಾಗವತದಲ್ಲಿ ಶ್ರೀಕೃಷ್ಣನು ರಾಜಸೂಯಕ್ಕೆ ಬಂದವರ ಪಾದಗಳನ್ನು ತೊಳೆದನು, ಕುಚೇಲನ ಪಾದಗಳನ್ನೂ ತೊಳೆದನು. ಪಾದ್ಯವು ಅತಿಥಿಪೂಜೆಯ ಅಂಗ. ಆದರೆ ರಾಜಸೂಯದಲ್ಲಿ ತೊಳೆಸಿಕೊಂಡವರು ಪೂಜ್ಯರು, ಕುಚೇಲನು ಬಡವನಾದರೂ ಬ್ರಾಹ್ಮಣ, ಅತಿಥಿ, ಸಖ. ಯೋಹಾನನ ಕಥೆಯಲ್ಲಿ ತೊಳೆಸಿಕೊಂಡವರು ತೊಳೆದವನಿಗಿಂತ ಕಿರಿಯರು. ಕೊಡವರ ಮನೆಗಳಲ್ಲಿ ಕಿರಿಯರು ಹಿರಿಯರ ಕಾಲನ್ನು ಮುಟ್ಟಿ ನಮಸ್ಕರಿಸುವ ಪದ್ಧತಿಯು ಇಂದಿಗೂ ಬಹು ನಿಷ್ಠೆಯಿಂದ ನಡೆಯುವುದು. ಮದುವೆಯ ದಿನ ವಧೂವರರ ಎದುರಿಗೆ ಕುಳಿತ ಹಿರಿಯರ ಸಾಲನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ನಮ್ರತೆಯು ಕೆಳಗಿನಿಂದ ಮೇಲಕ್ಕೆ ಹರಿಯುವುದು, ಆಶೀರ್ವಾದವು ಮೇಲಿನಿಂದ ಕೆಳಕ್ಕೆ. ಆ ನಾಡಿನಲ್ಲಿ ಹಿರಿಯನು ಎದ್ದು ಕಿರಿಯನ ಕಾಲಿಗೆ ಬಾಗುವ ಕಥೆಯನ್ನು ಹೇಳಿದರೆ, ಕೇಳಿದವರ ಮನಸ್ಸಿನಲ್ಲಿ ಮೂಡುವ ಮೊದಲ ಭಾವವು ಭಕ್ತಿಯಲ್ಲ, ಸಂಕೋಚ. ಮೂಲಕಥೆಯಲ್ಲಿ ಪೇತ್ರನಿಗೂ ಆದುದು ಅದೇ, ಅವನೂ ಮೊದಲು ಬೇಡವೆಂದನು. ಗ್ರೀಕ್ ಅಥವಾ ಜರ್ಮನ್ ಓದುಗನಿಗಿಂತ ಕೊಡಗಿನ ಓದುಗನಿಗೆ ಪೇತ್ರನ ಸಂಕೋಚವು ಬೇಗ ತಿಳಿಯುವುದು.

ಇನ್ನು ಸುಖದ ಮಾತು. ತೈತ್ತಿರೀಯೋಪನಿಷತ್ತಿನ ಆನಂದವಲ್ಲಿಯಲ್ಲಿ ಆನಂದವನ್ನು ಅಳೆಯಲು ಮೊದಲ ಅಳತೆಯಾಗಿ ಇಟ್ಟಿರುವುದು ಯೌವನಸ್ಥನೂ ಸಾಧುವೂ ವಿದ್ಯಾವಂತನೂ ಬಲಿಷ್ಠನೂ ಆಗಿ ವಿತ್ತಪೂರ್ಣವಾದ ಭೂಮಿಯೆಲ್ಲಕ್ಕೂ ಒಡೆಯನಾದವನ ಸುಖವನ್ನು. ಅದನ್ನು ನೂರುಮಡಿ, ಮತ್ತೆ ನೂರುಮಡಿ ಮಾಡುತ್ತ ಬ್ರಹ್ಮಾನಂದದವರೆಗೆ ಏರುವರು. ಆನಂದಪುರದಲ್ಲಿ ಈ ಮೊದಲ ಅಳತೆಯೇ ಇಲ್ಲ. ಭೂಮಿಯಿಲ್ಲ, ವಿತ್ತವಿಲ್ಲ, ಅಕ್ಷರವು ಆಗತಾನೇ ಬರುತ್ತಿತ್ತು. ಬೆಟ್ಟದ ಬೋಧನೆಯು ಎಣಿಕೆಯನ್ನು ಆರಂಭಿಸುವುದು ಆ ಇಲ್ಲದ ಕಡೆಯಿಂದ. ಇವೆರಡೂ ವಿರುದ್ಧವೆಂದು ಹೇಳುವುದು ಅವಸರವಾದೀತು. ಉಪನಿಷತ್ತು ಮೊದಲ ಅಳತೆಯಿಂದ ಮುಂದಕ್ಕೆ ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಕಾಮದಿಂದ ಹತನಾಗದ ಶ್ರೋತ್ರಿಯನಿಗೆ ಆ ಆನಂದವು ಆಗಲೇ ದೊರೆತಿದೆಯೆಂದು ಪಲ್ಲವಿಯಂತೆ ಸೇರಿಸುವುದು. ದೊಡ್ಡವನಾಗಬೇಕೆಂಬುದೂ ಒಂದು ಕಾಮವೇ. ಅದು ಬಿದ್ದುಹೋದ ಸ್ಥಳದಲ್ಲಿ ಎರಡು ಎಣಿಕೆಗಳೂ ಸಮೀಪಿಸುವುವು. ಆದರೆ ಶ್ರೋತ್ರಿಯನೆಂಬ ಅಧಿಕಾರಿಯ ವಿಶೇಷಣವನ್ನು ಬೆಟ್ಟದ ಬೋಧನೆಯು ಕೇಳುವುದಿಲ್ಲ. ಈ ವ್ಯತ್ಯಾಸವು ಅಲ್ಪವಲ್ಲವೆಂದು ಒಪ್ಪಲೇಬೇಕು, ಅದರಲ್ಲಿಯೂ ವೇದಾಧ್ಯಯನದ ಅಧಿಕಾರವಿದ್ದವರು ಮುಂದಾಗಿ ಒಪ್ಪಬೇಕು. ಪೌಲನ ಮೇಲೆ ಹೇಳಿದ ಪತ್ರವು ಸೆರೆಮನೆಯಿಂದ ಬರೆದದ್ದು. ತಗ್ಗಿಸಿಕೊಂಡವನ ವಿಚಾರವೂ, ಸಂತೋಷಪಡಿರೆಂಬ ಪುನಃಪುನಃ ಬರುವ ಮಾತೂ ಅದೊಂದರಲ್ಲಿಯೇ ಕೂಡಿವೆ. ಬೇಡಿಯಲ್ಲಿದ್ದವನು ಸಂತೋಷಕ್ಕೆ ಕರೆಯುವನೇ ಹೊರತು ಬೇಡಿಯು ಒಳ್ಳೆಯದೆಂದು ಎಲ್ಲಿಯೂ ಹೇಳುವುದಿಲ್ಲ.

ಪದ್ಯದಲ್ಲಿ ಈ ಅರ್ಥಕ್ಕೆ ದೊರೆತ ರೂಪವು ಬೇರೆಯ ವಿಚಾರಕ್ಕೆ ಯೋಗ್ಯವಾದುದು. ಫೆರ್ಡಿನಾಂಡ್ ಕಿಟ್ಟೆಲರು ಯೇಸುವಿನ ಚರಿತ್ರೆಯನ್ನು ದೇಶೀಯ ಕಾವ್ಯರೀತಿಯಲ್ಲಿ ಹಾಡಿ 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿದರು. ದಂಡಿಯು ಮಹಾಕಾವ್ಯಕ್ಕೆ ಚತುರನೂ ಉದಾತ್ತನೂ ಆದ ನಾಯಕನನ್ನು ಕೇಳುವನು. ಕೊಟ್ಟಿಗೆಯಲ್ಲಿ ಹುಟ್ಟಿ ಅಪರಾಧಿಗಳ ನಡುವೆ ಸತ್ತ ನಾಯಕನು ಆ ಲಕ್ಷಣಕ್ಕೆ ಹೇಗೆ ಹೊಂದುವನೆಂಬ ಪ್ರಶ್ನೆಯನ್ನು ಕಿಟ್ಟೆಲರು ಕನ್ನಡಕ್ಕೆ ತಂದರು. ಅದಕ್ಕೆ ಕಾವ್ಯವೆಂದು ಹೇಳಬಹುದಾದ ಉತ್ತರವು ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ದಲ್ಲಿ ದೊರೆಯಿತು. ಅಲ್ಲಿ ದೈನ್ಯವು ಸಂಚಾರಿಯಾಗಿಯೇ ಉಳಿದು, ಧೈರ್ಯವೂ ಶಮವೂ ಮೇಲೇಳುವುವು. ಬರೆದವರು ಕ್ರೈಸ್ತರಲ್ಲ. ಶಬ್ದದ ಬಂಧನವು ಅವರಿಗೆ ಇರಲಿಲ್ಲವಾದುದರಿಂದಲೇ ಇದು ಸಾಧ್ಯವಾಯಿತೆಂದು ತೋರುತ್ತದೆ.

ಕಿಟ್ಟೆಲರ ಹೆಸರು ಬಂದುದರಿಂದ ಮಡಿಕೇರಿಯಲ್ಲಿ ಅವರು ಕಳೆದ ವರ್ಷಗಳ ಮಾತನ್ನು ಹೇಳಿ ಮುಗಿಸಬಹುದು. ಅಲ್ಲಿರುವಾಗಲೇ ಅವರು 1873ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಗೆ ಕೊಡಗಿನ ಜನರ ಮೂಢನಂಬಿಕೆಗಳೆಂಬ ತಲೆಬರಹದ ಇಂಗ್ಲಿಷ್ ಲೇಖನವನ್ನು ಬರೆದರು. ನೆರೆಯವನ ಪಿತೃಪೂಜೆಗೆ ಆ ಹೆಸರನ್ನು ಕೊಟ್ಟ ಲೇಖನಿಯು ಆ ದಿನ ತನ್ನನ್ನು ತಗ್ಗಿಸಿಕೊಂಡಿರಲಿಲ್ಲ. ಅದೇ ಲೇಖನಿಯಿಂದ 1875ರಲ್ಲಿ ನಾಗವರ್ಮನ ಛಂದೋಂಬುಧಿಯ ಮುದ್ರಣವು ಹೊರಟಿತು. ಹಸ್ತಪ್ರತಿಯೊಂದರ ಮುಂದೆ ಕುಳಿತು, ಪಾಠಾಂತರಗಳನ್ನು ಒಂದೊಂದಾಗಿ ಹಿಡಿದು, ಸಾವಿರ ವರ್ಷದ ಹಿಂದಿನ ಜೈನ ಛಂದೋಗ್ರಂಥದಿಂದ ಗಣವನ್ನೂ ಪ್ರಾಸವನ್ನೂ ಮಾತ್ರೆಯನ್ನೂ ವಿದ್ಯಾರ್ಥಿಯಂತೆ ಕಲಿತ ಮನಸ್ಸು ಆ ಪುಟಗಳಲ್ಲಿ ಕಾಣುವುದು. 1894ರಲ್ಲಿ ಮುಗಿದ ಸುಮಾರು 70,000 ಶಬ್ದಗಳ ನಿಘಂಟಿನಲ್ಲಿ ಊರವರ ಗಾದೆಗಳಿಗೂ ಕವಿಗಳ ಪ್ರಯೋಗಗಳಿಗೂ ಅವರು ಒಂದೇ ಪಂಕ್ತಿಯನ್ನು ಹಾಕಿದರು.